ಗಾಯ ಮಾಗಿದ ಮೇಲೂ ಆರದ ಮಿದುಳಿನ ಉರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೊಬ್ಬರಿ ಬೆಲೆ ಕುಸಿದರೆ ರಸ್ತೆ ತಡೆ ನಡೆಯುತ್ತದೆ, ವಿಧಾನಸಭೆಯಲ್ಲಿ ಪ್ರಶ್ನೆ ಏಳುತ್ತದೆ. ಅದೇ ಕಾಯಿ ಕೆಡವಲು ಮರವೇರಿದವನು ಬಿದ್ದು ಸತ್ತರೆ ಒಂದು ದಿನದ, ನಾಲ್ಕು ಸಾಲಿನ ಸುದ್ದಿ. ಬದುಕುಳಿದನೆಂದರೆ ಅದೂ ಇಲ್ಲ.

ಸಂಪಿಗೆಯಂಥ ಊರಿನಲ್ಲಿ ತಲೆಗೆ ಪೆಟ್ಟು ಬೀಳಲು ದಾರಿಗಳು ಹಲವು. ಮರದಿಂದ ಬೀಳುವುದು, ಕೊಬ್ಬರಿ ಅಟ್ಟದಿಂದ ಜಾರುವುದು, ಹೆಲ್ಮೆಟ್ ಇಲ್ಲದ ಬೈಕ್ ಸವಾರಿ. ತಲೆಯ ಮೇಲೆ ಕಾಯಿ ಬೀಳುವುದೆಂದರೆ ನಗುವವರುಂಟು. ಆದರೆ ಪಪುವಾ ನ್ಯೂಗಿನಿಯ ಪ್ರಾಂತೀಯ ಆಸ್ಪತ್ರೆಯೊಂದಕ್ಕೆ ನಾಲ್ಕು ವರ್ಷಗಳಲ್ಲಿ ಗಾಯಗೊಂಡು ದಾಖಲಾದವರ ಪೈಕಿ ಶೇ 2.5ರಷ್ಟು ಮಂದಿಗೆ ಪೆಟ್ಟು ಕೊಟ್ಟದ್ದು ತೆಂಗಿನಕಾಯಿಯೇ ಎಂದು 1984ರ ವರದಿಯೊಂದು ದಾಖಲಿಸಿದೆ.

ಇಂಥ ಗಾಯಾಳುವನ್ನು ತುಮಕೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಒಯ್ಯುತ್ತಾರೆ. ಹೆಪ್ಪುಗಟ್ಟಿದ ರಕ್ತ ತೆಗೆದು, ಹೊಲಿಗೆ ಹಾಕಿ, ಕೆಲ ವಾರಗಳಲ್ಲಿ ಮನೆಗೆ ಕಳಿಸುತ್ತಾರೆ. ನಿಜವಾದ ಸಮಸ್ಯೆ ಆರಂಭವಾಗುವುದು ಆಮೇಲೆ. ತಲೆನೋವು, ಮರೆವು, ನಿದ್ರೆಗೇಡು, ಕಾರಣವಿಲ್ಲದ ಸಿಟ್ಟು. 'ಬಿದ್ದ ಮೇಲೆ ಬೇರೆ ಮನುಷ್ಯನೇ ಆಗಿಬಿಟ್ಟ' ಎಂದು ಮನೆಯವರು ಹೇಳಿದರೆ, ಊರಿನವರು ಸೋಮಾರಿತನ ಎನ್ನುತ್ತಾರೆ, ಇಲ್ಲವೇ ಕುಡಿತದ ಮೇಲೆ ಹಾಕುತ್ತಾರೆ.

ಮನೆಯವರ ಮಾತನ್ನು ವಿಜ್ಞಾನ ಈಗ ಗಂಭೀರವಾಗಿ ಪರಿಗಣಿಸುತ್ತಿದೆ. ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಪೆಟ್ಟು ಬಿದ್ದಾಗ ಇವು ಎಚ್ಚೆತ್ತು ಸತ್ತ ಕೋಶಗಳ ಕಸ ಬಳಿಯುತ್ತವೆ. ಕೆಲಸ ಮುಗಿದ ಮೇಲೆ ತಣ್ಣಗಾಗಬೇಕು. ಕೆಲವರಲ್ಲಿ ಹಾಗಾಗುವುದಿಲ್ಲ. ಲಂಡನ್ನಿನ ಸಂಶೋಧಕರು 2011ರಲ್ಲಿ ಪೆಟ್ ಸ್ಕ್ಯಾನ್ ಮೂಲಕ, ಪೆಟ್ಟು ಬಿದ್ದು 17 ವರ್ಷ ಕಳೆದವರಲ್ಲೂ ಈ ಉರಿಯೂತದ ಗುರುತು ಕಂಡರು. 2013ರಲ್ಲಿ ಪ್ರಕಟವಾದ ಮರಣೋತ್ತರ ಅಧ್ಯಯನದಲ್ಲಿ, ಒಂದೇ ಒಂದು ಬಲವಾದ ಪೆಟ್ಟಿನ ನಂತರ ವರ್ಷಕ್ಕೂ ಮೇಲ್ಪಟ್ಟು ಬದುಕಿದ್ದವರ ಪೈಕಿ ಶೇ 28ರಷ್ಟು ಮಂದಿಯ ಮಿದುಳಿನಲ್ಲಿ ಇಂಥ ಕೋಶಗಳು ಕಂಡುಬಂದವು. ಮರೆಗುಳಿತನಕ್ಕೆ ದಾರಿಯಾಗುವ ಅಂಶಗಳ ಪಟ್ಟಿಗೆ ಲ್ಯಾನ್ಸೆಟ್ ಆಯೋಗ 2020ರಲ್ಲಿ ತಲೆಗಾಯವನ್ನೂ ಸೇರಿಸಿತು.

ಹಾಗಾದರೆ ಉರಿ ಆರಿಸುವ ಮಾತ್ರೆ ಕೊಟ್ಟರಾಯಿತಲ್ಲ? ಅಷ್ಟು ಸರಳವಲ್ಲ. ಮಿನೊಸೈಕ್ಲಿನ್ ಎಂಬ ಹಳೆಯ ಔಷಧವನ್ನು ಪ್ರಯೋಗಿಸಿದಾಗ ಉರಿಯೂತದ ಗುರುತು ತಗ್ಗಿತು, ಆದರೆ ನರಕೋಶ ಹಾನಿಯ ಸೂಚಕ ಏರಿತು ಎಂದು 2018ರ ಸಣ್ಣ ಅಧ್ಯಯನವೊಂದು ತೋರಿಸಿತು. ಕಾವಲು ಕೋಶಗಳು ಕೆಡುಕಿನ ಜೊತೆ ಒಳಿತನ್ನೂ ಮಾಡುತ್ತಿರಬಹುದು. ಅಂಗಡಿಯಲ್ಲಿ ಮಾರುವ 'ನರದ ಟಾನಿಕ್'ಗಳ ಭರವಸೆಯನ್ನು ಈ ಹಿನ್ನೆಲೆಯಲ್ಲಿ ನೋಡುವುದು ಲೇಸು.

ಔಷಧ ಬರುವವರೆಗೆ ಆಡಳಿತಕ್ಕೆ ಮಾಡಲು ಕೆಲಸವಿಲ್ಲವೆಂದೇನಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಮಿದುಳಿನ ಗಾಯ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಕೈಕಾಲು ಆಡದಿದ್ದರೆ ಚಲನ ವೈಕಲ್ಯ, ಮನಸ್ಸು ಕೆಟ್ಟರೆ ಮಾನಸಿಕ ಅಸ್ವಸ್ಥತೆ ಎಂದು ಬೇರೊಂದು ಹೆಸರಿನಡಿ ನುಸುಳಬೇಕು. ಮರವೇರುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ಅಪಘಾತ ವಿಮೆಯಿದೆ. ಸಾವು, ಶಾಶ್ವತ ವೈಕಲ್ಯ, ಆಸ್ಪತ್ರೆ ವೆಚ್ಚಗಳನ್ನು ಅದು ಲೆಕ್ಕ ಹಾಕುತ್ತದೆ. ಆದರೆ ನೆತ್ತಿ ತಿರುಗುವ ಭಯದಿಂದ ಮತ್ತೆಂದೂ ಮರವೇರಲಾರದವನ ನಷ್ಟವನ್ನು ಯಾವ ಕಂಬಸಾಲಿನಲ್ಲಿ ಬರೆಯುವುದು?

ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ರಾಜ್ಯ ಸರ್ಕಾರ ಮಿದುಳು ಆರೋಗ್ಯ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಮರೆಗುಳಿತನಗಳಿಗೆ ಜಿಲ್ಲಾ ಮಟ್ಟದಲ್ಲೇ ಚಿಕಿತ್ಸೆ ದೊರಕಿಸುವುದು ಅದರ ಉದ್ದೇಶ. ತಲೆಗೆ ಪೆಟ್ಟಾಗಿ ಬಿಡುಗಡೆಯಾದ ಪ್ರತಿಯೊಬ್ಬರನ್ನೂ ಆರು ತಿಂಗಳಿಗೊಮ್ಮೆ ಅಲ್ಲಿಗೆ ಕರೆಸಿ, ಜೊತೆಯಲ್ಲಿ ಬಂದ ಹೆಂಡತಿಯನ್ನೋ ತಾಯಿಯನ್ನೋ 'ಮನೆಯಲ್ಲಿ ಹೇಗಿದ್ದಾರಮ್ಮ' ಎಂದು ಕೇಳಿ ಬರೆದುಕೊಳ್ಳುವುದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ.