ಹೇಳಿದ್ದು ದೋಸೆ, ಬಂದದ್ದು ಕೇಸರಿಬಾತ್

ನಮ್ಮ ಪೇಟೆಯ ಬಸ್ ನಿಲ್ದಾಣದ ಎದುರಿನ ಹಳೇ ಹೋಟೆಲಿಗೆ ಹೋಗುವವರಿಗೆ ಮೂರು ನಿಯಮ ಗೊತ್ತಿರಬೇಕು. ಒಂದು, ಕೇಳಿದ್ದು ಬರುವುದಿಲ್ಲ. ಎರಡು, ಬಂದದ್ದು ಬೇರೆ ಯಾರೋ ಕೇಳಿದ್ದಾಗಿರುತ್ತದೆ. ಮೂರು, ತಿಂಡಿಗಿಂತ ಮೊದಲೇ ಕಾಫಿ ಬಂದರೆ ಸುಮ್ಮನೆ ಕುಡಿದುಬಿಡಬೇಕು. ತಿಂಡಿ ಬರಲಿ ಎಂದು ಕಾದರೆ ಕಾಫಿ ಆರಿ ನೀರಾಗುತ್ತದೆ.

ಈ ನಿಯಮಗಳನ್ನು ಯಾರೂ ಗೋಡೆಯ ಮೇಲೆ ಬರೆದು ಹಾಕಿಲ್ಲ. ಗೋಡೆಯ ಮೇಲಿರುವುದು ‘ಸಾಲ ಕೇಳಬೇಡಿ’ ಎಂಬ ಬೋರ್ಡು ಮತ್ತು ನಿಂತುಹೋದ ಒಂದು ಗಡಿಯಾರ. ಆ ಹೋಟೆಲಿಗೆ ಅಂಥ ಗಡಿಯಾರವೇ ಸರಿ ಎಂದು ನಮ್ಮನೆಯವರು ಹೇಳುತ್ತಿರುತ್ತಾರೆ.

ಕಳೆದ ತಿಂಗಳ ಒಂದು ಭಾನುವಾರದ ಲೆಕ್ಕ ಕೊಡುತ್ತೇನೆ, ಕೇಳಿ. ಹೋದದ್ದು ನಾಲ್ಕು ಜನ. ನಾನು, ನಮ್ಮನೆಯವರು, ಬೆಂಗಳೂರಿನಿಂದ ಬಂದಿದ್ದ ಮಗ, ಐದನೇ ಕ್ಲಾಸಿನ ಮೊಮ್ಮಗಳು. ಹೇಳಿದ್ದು ಎರಡು ಮಸಾಲೆ ದೋಸೆ, ಒಂದು ಪ್ಲೇಟ್ ಇಡ್ಲಿ, ಒಂದು ಪೂರಿ. ಅರ್ಧ ಗಂಟೆಯ ಮೇಲೆ ಬಂದದ್ದು ಮೂರು ಕೇಸರಿಬಾತ್, ಒಂದು ರವಾ ಇಡ್ಲಿ. ನಮ್ಮ ದೋಸೆಗಳು ಕಿಟಕಿ ಪಕ್ಕದ ಮೇಜಿಗೆ ಹೋಗಿದ್ದವು. ಅಲ್ಲಿ ಕೂತಿದ್ದ ಅಡಿಕೆ ವ್ಯಾಪಾರಿಯೊಬ್ಬರು ತಟ್ಟೆಯನ್ನು ಮೇಲಕ್ಕೆತ್ತಿ, ಮಂಡಿಯಲ್ಲಿ ಹರಾಜು ಕೂಗುವ ಧಾಟಿಯಲ್ಲಿ, “ದೋಸೆ ಯಾರದ್ದು? ದೋಸೆ ಯಾರದ್ದು?” ಎನ್ನುತ್ತಿದ್ದರು. ಅವರ ಕೇಸರಿಬಾತ್ ನಮ್ಮ ಮುಂದಿತ್ತು. ತಟ್ಟೆಗಳು ಅದಲುಬದಲಾದವು. ಇಡ್ಲಿ ಬಾಗಿಲ ಬಳಿಯ ಮೇಜಿನಲ್ಲಿ ಸಿಕ್ಕಿತು. ಪೂರಿ ಸಿಗಲೇ ಇಲ್ಲ. ರವಾ ಇಡ್ಲಿಗೆ ವಾರಸುದಾರರು ಯಾರೂ ಇರಲಿಲ್ಲ. ಅದನ್ನು ನಾನೇ ತಿಂದೆ.

ಮಕ್ಕಳೇ, ರವಾ ಇಡ್ಲಿ ಹುಟ್ಟಿದ್ದೇ ಬದಲಿ ತಿಂಡಿಯಾಗಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಕೊರತೆ ಬಂದಾಗ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರು ರವೆಯಲ್ಲೇ ಇಡ್ಲಿ ಮಾಡಿ ನೋಡಿದರಂತೆ. ಜನಕ್ಕೆ ರುಚಿ ಹತ್ತಿತು, ಹಾಗೇ ಉಳಿಯಿತು. ನಮ್ಮ ಹೋಟೆಲಿನಲ್ಲಿ ಮಾತ್ರ ಅಕ್ಕಿ ಬೇಕಾದಷ್ಟಿದ್ದರೂ ಬದಲಿಯೇ ಬರುತ್ತದೆ.

ಬಿಲ್ಲಿನ ಕಥೆ ಇನ್ನೂ ಚೆನ್ನ. ಗಲ್ಲಾದಲ್ಲಿ ಕೂತ ಯಜಮಾನರು ನಮ್ಮ ಮುಖ ನೋಡಿ “ಏನು ತಿಂದ್ರಿ?” ಎಂದು ಕೇಳುತ್ತಾರೆ. ನಾವು ಹೇಳಿದ್ದೇ ಬಿಲ್ಲು. “ಸುಳ್ಳು ಹೇಳಿದ್ರೆ?” ಎಂದು ಮೊಮ್ಮಗಳು ಕೇಳಿದ್ದಕ್ಕೆ ಅವರು, “ಹೇಳಿದವರು ಮತ್ತೆ ಬಂದೇ ಬರ್ತಾರಲ್ಲ, ಆಗ ಅವರ ಮುಖವೇ ಹೇಳ್ತದೆ” ಎಂದರು.

ನನ್ನ ಮಗನಿಗೆ ಅವತ್ತು ಪೂರಿ ಸಿಗದ ಸಿಟ್ಟು. ಮೊಬೈಲ್ ತೆಗೆದು, “ಇವರಿಗೆ ಒಂದೇ ಒಂದು ಸ್ಟಾರ್ ಕೊಡ್ತೀನಿ ನೋಡಮ್ಮ. ಎದುರುಗಡೆ ಹೊಸ ದರ್ಶಿನಿ ಬಂದಿದೆ. ಎರಡು ನಿಮಿಷಕ್ಕೆ ದೋಸೆ ಕೈಗೆ ಬರ್ತದೆ. ನೀವು ಯಾಕೆ ವಾರ ವಾರ ಇಲ್ಲಿಗೇ ಬರ್ತೀರಿ?” ಎಂದ. ಮೊಮ್ಮಗಳೂ “ಹೌದು ಅಜ್ಜಿ, ಯಾಕೆ?” ಎಂದು ಅಪ್ಪನ ಪಕ್ಷ ಸೇರಿದಳು. ನಮ್ಮನೆಯವರು ತೆಂಗಿನಕಾಯಿ ಚಟ್ನಿಯ ಕಡೆ ಬೆರಳು ತೋರಿಸಿ ತಿನ್ನುವುದನ್ನು ಮುಂದುವರಿಸಿದರು. ಅವರ ಉತ್ತರ ಅಷ್ಟೇ. ನನ್ನ ಉತ್ತರ ಸ್ವಲ್ಪ ಉದ್ದ.

ಆ ಹೋಟೆಲಿನಲ್ಲಿ ಬಡಿಸುವವರು ಒಬ್ಬರೇ. ಎಪ್ಪತ್ತರ ಆಸುಪಾಸಿನವರು. ಹೆಗಲ ಮೇಲೆ ಬಿಳಿ ಬಟ್ಟೆ, ಕಿವಿ ಸ್ವಲ್ಪ ಮಂದ. ಊರಿನವರೆಲ್ಲ ಅವರನ್ನು ಕರೆಯುವುದು ‘ಮಾಣಿ’ ಎಂದೇ. ಕರಾವಳಿಯ ಕಡೆ ಮಾಣಿ ಎಂದರೆ ಹುಡುಗ. ಎಪ್ಪತ್ತಾದರೂ ಅವರು ಹುಡುಗನಾಗಿಯೇ ಉಳಿದದ್ದು ಹೇಗೆ ಎಂಬುದರಲ್ಲಿ ನಮ್ಮ ಹೋಟೆಲುಗಳ ಚರಿತ್ರೆಯೇ ಇದೆ.

ಉಡುಪಿಯ ಸುತ್ತಮುತ್ತಲಿನಿಂದ ಹಿಂದೆ ಎಷ್ಟೋ ಹುಡುಗರು ಮನೆಯ ಬಡತನಕ್ಕೆ ಊರು ಬಿಟ್ಟು ಮುಂಬಯಿ, ಮದರಾಸು, ಬೆಂಗಳೂರು ಸೇರಿದರು. ಕೈಗೆ ಸಿಕ್ಕಿದ್ದು ಹೋಟೆಲ್ ಕೆಲಸ. ಲೋಟ ತೊಳೆಯುವುದು, ಹಿಟ್ಟು ರುಬ್ಬುವುದು, ಮೇಜು ಒರೆಸುವುದು. ಅವರಲ್ಲಿ ಕೆಲವರು ಬಹಳ ಮೇಲೆ ಬಂದರು. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದ ಕಡಂದಲೆ ಕೃಷ್ಣರಾಯರೂ ಮೊದಲು ಹೋಟೆಲಿನ ಅಡುಗೆಮನೆಯಲ್ಲಿ ದುಡಿದವರೇ. ಮುಂಬಯಿಯಲ್ಲಿ ಇಂಥ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆಗಳು ನಡೆದವು. ಹಗಲೆಲ್ಲ ತಟ್ಟೆ ಎತ್ತಿ, ರಾತ್ರಿ ಪಾಠ ಕಲಿತು, ಆಫೀಸು ಸೇರಿದವರಿದ್ದಾರೆ. ಆದರೆ ಮೇಲೆ ಬಂದವರ ಕಥೆ ನಮಗೆ ಗೊತ್ತಾಗುತ್ತದೆ. ಮಾಣಿಯಾಗಿ ಸೇರಿ ಮಾಣಿಯಾಗಿಯೇ ಉಳಿದವರ ಕಥೆಯನ್ನು ಕೇಳುವವರು ಕಡಿಮೆ.

ನಮ್ಮ ಮಾಣಿ ದೂರದ ಪಟ್ಟಣಕ್ಕೆ ಹೋಗಲಿಲ್ಲ. ಆಗುಂಬೆ ಘಾಟಿಯ 14 ತಿರುವು ಹತ್ತಿ ನಮ್ಮ ಪೇಟೆಗೆ ಬಂದು ಇಳಿದರು. ಆಗ ಅವರಿಗೆ ಹತ್ತು ವರ್ಷ. ತೊಳೆಯುವ ತೊಟ್ಟಿ ಎತ್ತರವಾಯಿತೆಂದು ಕಾಲಡಿಗೆ ಮಣೆ ಹಾಕಿಕೊಂಡು ಲೋಟ ತೊಳೆಯುತ್ತಿದ್ದರಂತೆ.

ನಾನು ಮದುವೆಯಾಗಿ ಈ ಊರಿಗೆ ಬಂದಾಗ ಅವರು ಚಿಗುರುಮೀಸೆಯ ಯುವಕ. ಹೆಂಗಸರು ಹೊರಗೆ ಕೂತು ತಿನ್ನುತ್ತಿರಲಿಲ್ಲ. ನಮಗೆಲ್ಲ ಪರದೆ ಇಳಿಬಿಟ್ಟ ಫ್ಯಾಮಿಲಿ ರೂಮು. ಪರದೆಯ ಸಂದಿಯಿಂದ ನಾನು ಅವರ ಕೆಲಸ ನೋಡುತ್ತಿದ್ದೆ. ಬೆಂಗಳೂರಿನ ಗಾಂಧಿಬಜಾರಿನಲ್ಲಿರುವ ವಿದ್ಯಾರ್ಥಿ ಭವನಕ್ಕೆ ಹೋದವರಿಗೆ ಗೊತ್ತು, ಅಲ್ಲಿ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಒಂದೇ ಕೈಯಲ್ಲಿ ಹೊತ್ತು ತರುತ್ತಾರೆ. ನಮ್ಮ ಮಾಣಿಯ ಕೈಯೂ ಹಾಗೇ ಇತ್ತು. ಅದಕ್ಕಿಂತ ದೊಡ್ಡದು ಅವರ ನೆನಪು. ಎಂಟು ಮೇಜು, ಮೂವತ್ತು ಜನ, ಒಬ್ಬೊಬ್ಬರದು ಒಂದೊಂದು ರಾಗ. ಒಬ್ಬರಿಗೆ ಸಕ್ಕರೆ ಬೇಡ, ಇನ್ನೊಬ್ಬರಿಗೆ ಸಾಂಬಾರ್ ಬೇರೆ ಬಟ್ಟಲಲ್ಲಿ, ಮತ್ತೊಬ್ಬರಿಗೆ ಈರುಳ್ಳಿ ಆಗದು. ಚೀಟಿ ಇಲ್ಲ, ಪೆನ್ಸಿಲ್ ಇಲ್ಲ. ಒಂದೂ ತಪ್ಪುತ್ತಿರಲಿಲ್ಲ. ತಿಂದವರು ಗಲ್ಲಾದತ್ತ ನಡೆಯುವಾಗ ಹಿಂದಿನಿಂದಲೇ ಕೂಗಿ ಲೆಕ್ಕ ಹೇಳುತ್ತಿದ್ದರು. “ಹಸಿರು ಶಾಲು ಎರಡು ರೂಪಾಯಿ! ಹಿಂದೆ ಬರೋ ಛತ್ರಿ ಒಂದೂವರೆ!” ಅಜ್ಜ ಅಜ್ಜಿಯರೇ, ನೀವೂ ಈ ಕೂಗು ಕೇಳಿರುತ್ತೀರಿ.

ಅಷ್ಟಾವಧಾನದಲ್ಲಿ ಎಂಟು ಮಂದಿ ಎಂಟು ಕಡೆಯಿಂದ ಪ್ರಶ್ನೆ ಹಾಕುತ್ತಾರೆ. ಅವಧಾನಿಗಳು ಎಲ್ಲವನ್ನೂ ನೆನಪಿಟ್ಟು ಉತ್ತರಿಸುತ್ತಾರೆ. ಮುಗಿದ ಮೇಲೆ ಅವರಿಗೆ ಶಾಲು ಹೊದಿಸುತ್ತೇವೆ. ಮಾಣಿ ದಿನಾ ಮಾಡಿದ್ದೂ ಅದೇ ಜಾತಿಯ ಕೆಲಸ. ಅವರಿಗೆ ಸಿಕ್ಕಿದ್ದು “ಏ ಮಾಣಿ, ನೀರು!”

ಇದನ್ನೆಲ್ಲ ನಾನು ಹೇಳಿ ಮುಗಿಸುವ ಹೊತ್ತಿಗೆ ಅವರೇ ಮೇಜಿನ ಬಳಿ ಬಂದು, ನಾವು ಕೇಳದಿದ್ದ ಇನ್ನೊಂದು ಬಟ್ಟಲು ಸಾಂಬಾರ್ ಇಟ್ಟರು. ಮೊಮ್ಮಗಳು ತಡೆಯಲಾರದೆ, “ಮಾಣಿ ಅಜ್ಜ, ನೀವು ಯಾಕೆ ಬರ್ಕೊಳ್ಳಲ್ಲ? ಬರ್ಕೊಂಡ್ರೆ ಮರೆಯೋದೇ ಇಲ್ಲ” ಎಂದಳು.

ಅವರು ನಕ್ಕು, “ಬರ್ದ್ರೆ ಓದುಕೆ ಬರ್ಬೇಕಲ್ದಾ ಮಗಾ?” ಎಂದರು. ಮತ್ತೆ ಬೇರೆ ಮೇಜಿನ ಲೋಟ ಎತ್ತಲು ಹೋದರು.

ನಮ್ಮ ಮೇಜಿನಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಮಗ ಮೊಬೈಲನ್ನು ಜೇಬಿಗೆ ಹಾಕಿದ. ಮೊಮ್ಮಗಳಿಗೂ ಹತ್ತೇ ವರ್ಷ. ಆ ವಯಸ್ಸಿಗೆ ಅವರು ಮಣೆಯ ಮೇಲೆ ನಿಂತಿದ್ದರು ಎಂಬ ಲೆಕ್ಕವನ್ನು ಅವಳು ಮನಸ್ಸಿನಲ್ಲೇ ಮಾಡಿಕೊಂಡಿರಬೇಕು.

ಯಜಮಾನರನ್ನು ನಾನು ಒಮ್ಮೆ ಕೇಳಿದ್ದೆ, ಇನ್ನೊಬ್ಬ ಹುಡುಗನನ್ನು ಇಟ್ಟುಕೊಳ್ಳಬಾರದೇ ಎಂದು. “ಇಟ್ಟಿದ್ದೆ ಅಮ್ಮಾ. ಅವರಿಗೆ ಕೈ ಕಟ್ಟಿ ಹಾಕಿದ ಹಾಗಾಯ್ತು. ಊಟ ಬಿಟ್ಟರು. ನನ್ನ ತಂದೆ ಕರೆತಂದು ಇಟ್ಟ ಹುಡುಗ. ಈಗ ಎಲ್ಲಿಗೆ ಹೋಗು ಅನ್ನಲಿ?” ಎಂದರು. ಅವರ ತಂದೆ ಆ ಹುಡುಗನಿಗೆ ಅನ್ನ ಕೊಟ್ಟರು, ಮಲಗಲು ಜಾಗ ಕೊಟ್ಟರು. ಆ ಕಾಲಕ್ಕೆ ಅದನ್ನು ಜನ ಪುಣ್ಯವೆಂದೇ ಎಣಿಸಿದರು. ಇನ್ನೂರು ಹೆಜ್ಜೆ ದೂರದಲ್ಲಿದ್ದ ಶಾಲೆಗೆ ಕಳಿಸಬೇಕೆಂದು ಯಾರಿಗೂ ತೋಚಲಿಲ್ಲ. ಮಗ ಈಗ ಅವರನ್ನು ಕೈಬಿಡದೆ ಇಟ್ಟುಕೊಂಡಿರುವುದು ಆ ಹಳೆಯ ಬಾಕಿಯನ್ನು ತೀರಿಸುತ್ತಿರುವ ಹಾಗೆ ನನಗೆ ಕಾಣುತ್ತದೆ. ಎದುರಿನ ದರ್ಶಿನಿ ಬಂದ ಮೇಲೆ ಅರ್ಧ ಮೇಜು ಖಾಲಿ ಇರುತ್ತವೆ. ಹೋಟೆಲು ಮುಚ್ಚಿದರೆ ಆ ಬಾಕಿ ಹಾಗೇ ಉಳಿಯುತ್ತದೆ. ನಾವು ವಾರ ವಾರ ಅಲ್ಲಿಗೇ ಹೋಗುವುದು ಅದಕ್ಕೆ.

ಮಕ್ಕಳೇ, ನಿಮ್ಮ ಕಾಲಕ್ಕೆ ಕಾನೂನು ಬಂದಿದೆ. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾ, ಮನೆಗೆಲಸಗಳಲ್ಲಿ ದುಡಿಸುವುದಕ್ಕೆ 2006ರ ಅಕ್ಟೋಬರ್ 10ರಿಂದ ನಿಷೇಧವಿದೆ. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಕಡ್ಡಾಯ ಮತ್ತು ಉಚಿತ ಶಿಕ್ಷಣದ ಹಕ್ಕು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಎಲ್ಲಾದರೂ ನಿಮ್ಮ ವಯಸ್ಸಿನ ಮಗು ಮೇಜು ಒರೆಸುವುದನ್ನು ಕಂಡರೆ ದೊಡ್ಡವರಿಗೆ ಹೇಳಿ. 1098ಕ್ಕೆ ಫೋನ್ ಮಾಡಿದರೆ ಮಕ್ಕಳ ಸಹಾಯವಾಣಿ ಸಿಗುತ್ತದೆ. ಅದಕ್ಕೆ ದುಡ್ಡು ಬೀಳುವುದಿಲ್ಲ.

ಮುಂದಿನ ಭಾನುವಾರ ಮೊಮ್ಮಗಳು ಒಂದು ಉಪಾಯ ಮಾಡಿದಳು. ನಮಗೆ ಬೇಕಾದ್ದನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು, “ಇದನ್ನು ಒಳಗೆ ಕೊಟ್ಟುಬಿಡಿ ಅಜ್ಜ, ಅಡುಗೆ ಭಟ್ರು ಓದ್ಕೊಳ್ತಾರೆ” ಎಂದು ಕೈಗೆ ಕೊಟ್ಟಳು. ಚೀಟಿಯ ಕೆಳಗೆ ಒಂದು ದೋಸೆಯ ಚಿತ್ರವೂ ಇತ್ತು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನಂಗಾ?” ಎಂದು ಕೇಳಿ, ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

ಆಮೇಲೆ ಎಲ್ಲರಿಗೂ ಉಪ್ಪಿಟ್ಟು ಬಂತು.

ಚೀಟಿ ಈಗಲೂ ಅವರ ಜೇಬಿನಲ್ಲೇ ಇದೆ. ಈ ವಾರ ನಾವು ಪೂರಿ ಹೇಳಬೇಕೆಂದಿದ್ದೇವೆ. ಏನು ಬಂತೆಂದು ನಿಮಗೆ ತಿಳಿಸುತ್ತೇನೆ.