ನೋಡುವವರ ಮಲೆನಾಡು, ಬಾಳುವವರ ಮಲೆನಾಡು

2025ರ ಜುಲೈ 14ರಂದು ಸಾಗರ ತಾಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿಗೆ ಕಟ್ಟಿದ ಸೇತುವೆ ಉದ್ಘಾಟನೆಗೊಂಡಿತು. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಹೋಗಿಬಂದ ಮುಂಬಯಿ, ಪುಣೆಯ ಕನ್ನಡಿಗರಲ್ಲಿ ಅಲ್ಲಿನ ಲಾಂಚ್ ಪ್ರಯಾಣವನ್ನು ಮರೆತವರು ವಿರಳ. ಸುತ್ತ ನೀರು, ಆಚೆ ಹಸಿರು ಗುಡ್ಡ, ತಂಪು ಗಾಳಿ. ಹಾಗಾಗಿ ಸೇತುವೆಯ ಸುದ್ದಿ ಕೇಳಿ 'ಛೇ, ಇನ್ನು ಆ ಮಜಾ ಇಲ್ಲ' ಎಂದು ಹಲುಬಿದವರೂ ಉಂಟು.

ಆದರೆ ತುಮರಿ ಸೀಮೆಯ ಜನರಿಗೆ ಅದು ಮಜಾ ಆಗಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನಾಡಿಗೆ ಬೆಳಕು ಹರಿದಾಗ, ಅವರ ಹಾದಿಯ ಮೇಲೆ ನೀರು ನಿಂತಿತು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಕಾಡು ಬಳಸಿ ದೂರದ ದಾರಿ ಹಿಡಿಯಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಸಾಗಿಸುವುದೇ ಕಷ್ಟವಾಗುತ್ತಿತ್ತು. ಪ್ರವಾಸಿಗರು ಫೋಟೋ ತೆಗೆದುಕೊಂಡ ಅದೇ ನೀರು ಅಲ್ಲಿಯವರಿಗೆ ಅರವತ್ತು ವರ್ಷ ಬೇಲಿಯಾಗಿತ್ತು.

ಈ ಮಾತು ಒಂದು ಸೇತುವೆಗೆ ಮಾತ್ರ ಸೀಮಿತವಲ್ಲ. ಚೆಲುವಿನ ಸೀಮೆಯಲ್ಲಿ ಬಾಳುವವರ ಮನಸ್ಸು ಯಾವತ್ತೂ ಎರಡು ತೆರ. ಊರು ಬಿಟ್ಟು ಬನ್ನಿ ಎಂದರೆ ಅವರು ಬರುವವರಲ್ಲ. ಆ ಮಳೆ, ಆ ತೋಟ, ಆ ಮೌನ ಬಿಟ್ಟು ಅವರಿಗೆ ನಿದ್ದೆ ಹತ್ತದು. ಆದರೆ ಮಗನೂ ಇಲ್ಲೇ ಇರಲಿ ಎನ್ನಲು ಅವರಿಗೆ ಧೈರ್ಯ ಸಾಲದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ನೋಡುವವರಿಗೆ ಸೊಬಗು. ಅಡಿಕೆ ಬೆಳೆಗಾರನಿಗೆ ಮಳೆ ಹೆಚ್ಚಾದರೆ ಕೊಳೆರೋಗದ ಚಿಂತೆ. ಕೊನೆ ಕೊಯ್ಯಲು ಆಳು ಸಿಗುವುದಿಲ್ಲ, ಮಂಗ ಮತ್ತು ಕಾಡುಹಂದಿ ಬೆಳೆ ಉಳಿಸುವುದಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ತೋಟದ ಮನೆಯ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ ಎಂಬ ಕೊರಗು ಮನೆಮನೆಯ ಮಾತು.

ಪ್ರವಾಸೋದ್ಯಮದ ವಿಷಯದಲ್ಲೂ ಇದೇ ಇಬ್ಬಗೆ. ಹೋಂಸ್ಟೇ, ಜೀಪು, ಹೋಟೆಲು ಎಷ್ಟೋ ಮನೆಗಳ ಒಲೆ ಉರಿಸಿವೆ ಎಂಬುದು ನಿಜ. ರಜೆಯ ದಿನ ಘಾಟಿಯಲ್ಲಿ ಸಾಲುಗಟ್ಟುವ ಕಾರುಗಳು, ಹಳ್ಳಕ್ಕೆ ಬೀಳುವ ಬಾಟಲಿಗಳು, ಸ್ಥಳೀಯರ ಕೈಗೆಟುಕದಷ್ಟು ಏರಿದ ಜಮೀನಿನ ಬೆಲೆ, ಇವೂ ನಿಜ.

ಇನ್ನೊಂದೆಡೆ ಪಶ್ಚಿಮ ಘಟ್ಟಕ್ಕೆ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ಅದರ ಹಿಂದುಮುಂದು 2011ರಲ್ಲಿ ಗಾಡ್ಗೀಳ್ ವರದಿ, 2013ರಲ್ಲಿ ಕಸ್ತೂರಿರಂಗನ್ ವರದಿ ಬಂದವು. ಘಟ್ಟ ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಕುಸಿದ ಗುಡ್ಡಗಳು ಆ ಎಚ್ಚರಿಕೆಯನ್ನು ಜೀವಗಳ ಬೆಲೆ ತೆತ್ತು ಹೇಳಿವೆ. ಆದರೆ ಕಾಡು ಉಳಿಸುವ ಹೊರೆಯನ್ನು ಕಾಡಂಚಿನ ಒಕ್ಕಲಿನ ಮೇಲೆ ಮಾತ್ರ ಹೊರಿಸಿ, ಅದರ ತಂಪನ್ನು ಪಟ್ಟಣದವರು ಅನುಭವಿಸುವುದು ನ್ಯಾಯವಲ್ಲ. ಅಲ್ಲಿಯವರ ಸಿಟ್ಟು ಕಾಡಿನ ಮೇಲಲ್ಲ, ತಮ್ಮನ್ನು ಕೇಳದೆ ತೀರ್ಮಾನ ಮಾಡುವವರ ಮೇಲೆ.

ಹೊರನಾಡ ಕನ್ನಡಿಗರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದುದು ಇಲ್ಲಿಯೇ. ಸಂಘಗಳ ವೇದಿಕೆಯಲ್ಲಿ ಹುಟ್ಟೂರನ್ನು ಸ್ವರ್ಗವೆಂದು ಬಣ್ಣಿಸದ ಭಾಷಣವಿಲ್ಲ. ಮೇ ತಿಂಗಳಲ್ಲಿ ಹದಿನೈದು ದಿನ ಹೋಗಿ ಹಲಸು, ಮಾವು ತಿಂದು, 'ಏನೇ ಆದರೂ ಜಾಗ ಮಾರಬೇಡಿ' ಎಂದು ಅಣ್ಣನಿಗೆ ಹೇಳಿ ಬರುವವರು ಬಹಳ. ಆದರೆ ಆ ಜಾಗದ ಪಹಣಿ ಯಾರ ಹೆಸರಿನಲ್ಲಿದೆ? ಅನೇಕ ಮನೆಗಳಲ್ಲಿ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದೆ. ಪಾಲು ಆಗಿಲ್ಲ. ಊರಲ್ಲಿ ಉಳಿದ ಅಣ್ಣ ಬೆಳೆಸಾಲಕ್ಕೆ ಬ್ಯಾಂಕಿಗೆ ಹೋದರೆ ದಾಖಲೆ ಅವನ ಹೆಸರಿನಲ್ಲಿಲ್ಲ. ಬೆಳೆ ನಷ್ಟದ ಪರಿಹಾರ ಕೇಳಲು ಹೋದರೂ ಅದೇ ತೊಡಕು. ಒಂದು ರುಜುವಿಗಾಗಿ ಅವನು ಮುಂಬಯಿಯ ತಮ್ಮನಿಗೆ ವರ್ಷಗಟ್ಟಲೆ ಫೋನು ಮಾಡುತ್ತಾನೆ. ಇವನಿಗೆ ರಜೆ ಸಿಗುವುದಿಲ್ಲ. ತೋಟಕ್ಕೆ ಬೆವರು ಸುರಿಸುವವನು ಒಬ್ಬ, ಅದರ ಮೇಲೆ ಹಕ್ಕಿನ ಮಾತಾಡುವವರು ನಾಲ್ವರು.

ತೀರಿಕೊಂಡವರ ಹೆಸರಿನಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು ಕರ್ನಾಟಕದ ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಆಂದೋಲನ ಕೈಗೊಂಡಿದೆ. ನಮ್ಮ ಸಂಘಗಳಿಗೆ ಇದು ಒಳ್ಳೆಯ ಅವಕಾಶ. ಸಂಘಗಳಲ್ಲಿ ವಕೀಲರಿದ್ದಾರೆ, ಬ್ಯಾಂಕಿನವರಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ. ವಾರ್ಷಿಕೋತ್ಸವಕ್ಕೆ ಮೀಸಲಿಡುವ ಭಾನುವಾರಗಳಲ್ಲಿ ಒಂದನ್ನು ಇದಕ್ಕೆ ಕೊಡಲಿ. ವಂಶವೃಕ್ಷಕ್ಕೆ ಏನು ಬೇಕು, ಪಾಲುಪಟ್ಟಿ ನೋಂದಣಿ ಹೇಗೆ, ಊರಿಗೆ ಹೋಗಲಾಗದವರು ಅಧಿಕಾರ ಪತ್ರ ಹೇಗೆ ಕೊಡಬೇಕು ಎಂಬುದನ್ನು ಸದಸ್ಯರಿಗೆ ತಿಳಿಸಿಕೊಡಲಿ. ಸಂಘದ ಪ್ರವಾಸ ಘಟ್ಟದ ಕಡೆ ಹೋಗುವುದಾದರೆ ಊಟ, ವಸತಿ ಊರಿನವರ ಮನೆಯಲ್ಲಾಗಲಿ. ಒಯ್ದ ಪ್ಲಾಸ್ಟಿಕ್ ಬಸ್ಸಿನಲ್ಲೇ ಹಿಂದೆ ಬರಲಿ. ವಿದ್ಯಾರ್ಥಿವೇತನದ ಒಂದು ಪಾಲು ಊರಲ್ಲೇ ಉಳಿದು ಕೃಷಿ, ನರ್ಸಿಂಗ್ ಓದುವ ಮಕ್ಕಳಿಗೂ ಸಿಗಲಿ.

ಊರು ಬದಲಾಗಬಾರದು ಎಂದು ದೂರದಲ್ಲಿ ಕುಳಿತು ಆಶಿಸುವುದು ಸುಲಭ. ಅಲ್ಲಿ ಉಳಿದವರು ನಮ್ಮ ನೆನಪಿನ ಕಾವಲುಗಾರರಲ್ಲ. ಅವರಿಗೂ ರಸ್ತೆ ಬೇಕು, ಡಾಕ್ಟರು ಬೇಕು, ಮಕ್ಕಳಿಗೆ ಮದುವೆಯಾಗಬೇಕು. ಈ ಸಲ ರಜೆಗೆ ಹೋಗುವವರು ಅಣ್ಣನಿಗೆ ಬುದ್ಧಿ ಹೇಳುವ ಮೊದಲು ತಾಲೂಕು ಕಚೇರಿಗೆ ಅವನ ಜೊತೆ ಹೋಗಿ ಬರಲಿ.