ನೀರಾವಿ ಹೆಚ್ಚಿತು, ಮಳೆ ಹೆಚ್ಚಲಿಲ್ಲ

ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ₹2,000 ಕೋಟಿಯ ‘ಮಿಷನ್ ಮೌಸಮ್’ಗೆ ಒಪ್ಪಿಗೆ ಕೊಟ್ಟ ಮೇಲೆ ಮೋಡ ಬಿತ್ತನೆಯ ಮಾತಿಗೆ ಹೊಸ ಬಲ ಬಂದಿದೆ. ಆ ಯೋಜನೆಯ ರಾಡಾರ್, ಮುನ್ಸೂಚನೆ, ಸೂಪರ್‌ ಕಂಪ್ಯೂಟರ್‌ಗಳ ಬಗ್ಗೆ ತಕರಾರಿಲ್ಲ. ಹವಾಮಾನವನ್ನೇ ತಿದ್ದುವ ಅದರ ಇನ್ನೊಂದು ಭಾಗವನ್ನು ಹಿಡಿದುಕೊಂಡು, ಬರ ಬಂದಾಗ ವಿಮಾನ ಹಾರಿಸಿದರಾಯಿತು ಎನ್ನುವವರ ಬಗ್ಗೆ ಇದೆ. 2017ರಲ್ಲಿ ‘ವರ್ಷಧಾರೆ’ ಹೆಸರಿನಲ್ಲಿ ಕರ್ನಾಟಕ ಇದನ್ನು ಮಾಡಿಯೂ ನೋಡಿದೆ. ಈ ವಾದ ಬುಡದಲ್ಲೇ ತಪ್ಪು. ಆಕಾಶದಲ್ಲಿ ನೀರು ಕಡಿಮೆಯಾಗಿದ್ದಕ್ಕೆ ನಮಗೆ ಬರ ಬರುತ್ತಿಲ್ಲ. ನೀರಾವಿಯನ್ನು ಹೊತ್ತು ತರುವ ಗಾಳಿಯ ನಡೆ ಬದಲಾಗಿದೆ, ಆ ಗಾಳಿಗೆ ಬಿತ್ತನೆಯ ಉಪ್ಪು ತಾಕುವುದೂ ಇಲ್ಲ.

ಭೂವಿಜ್ಞಾನ ಸಚಿವಾಲಯವೇ 2020ರಲ್ಲಿ ಪ್ರಕಟಿಸಿದ ಹವಾಮಾನ ವರದಿಯಲ್ಲಿ ಎರಡು ಅಂಕಿಗಳಿವೆ. ಅವುಗಳನ್ನು ಜೊತೆಯಲ್ಲಿಟ್ಟು ಓದಿದವರು ಕಡಿಮೆ. 1951ರಿಂದ 2015ರವರೆಗೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಯಿತು. ಅದೇ ಅವಧಿಯಲ್ಲಿ ಭಾರತದ ಮುಂಗಾರು ಮಳೆ ಸುಮಾರು ಶೇ 6ರಷ್ಟು ಇಳಿಯಿತು. ಇಳಿಕೆ ಎದ್ದು ಕಂಡ ಪ್ರದೇಶಗಳು ಎರಡು: ಗಂಗಾ ಬಯಲು ಮತ್ತು ನಮ್ಮ ಪಶ್ಚಿಮ ಘಟ್ಟ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು ಎಂಬ ಲೆಕ್ಕವನ್ನು ಎಲ್ಲ ಲೇಖನಗಳೂ ಹೇಳುತ್ತವೆ, ಅಲ್ಲಿಗೇ ನಿಲ್ಲುತ್ತವೆ. ಹಾಗಾದರೆ ಆ ಅರವತ್ತೈದು ವರ್ಷಗಳಲ್ಲಿ ಮಳೆ ಏರಬೇಕಿತ್ತಲ್ಲ? ಏರದೇ ಹೋದದ್ದಕ್ಕೆ ಕಾರಣ ದಾಸ್ತಾನಿನಲ್ಲಿಲ್ಲ, ಸಾಗಾಟದಲ್ಲಿದೆ. ಮುಂಗಾರು ಜೋರಾಗಿರುವಾಗಲೂ ಕರಾವಳಿಯ ನೆತ್ತಿಯ ಮೇಲಿನ ಅಷ್ಟೂ ನೀರಾವಿಯನ್ನು ಹಿಂಡಿದರೆ ಸಿಗುವುದು ಹೆಚ್ಚುಕಡಿಮೆ 60 ಮಿ.ಮೀ. ಮಳೆ. ಆಗುಂಬೆಯಲ್ಲಿ ಒಂದೇ ದಿನ 200 ಮಿ.ಮೀ. ದಾಟುವುದು ಅಪರೂಪವಲ್ಲ. ಉಳಿದ ನೀರು ಸೊಮಾಲಿಯಾದ ಕಡೆಯಿಂದ ಅರಬ್ಬಿ ಸಮುದ್ರ ದಾಟಿ ಬರುವ ಗಾಳಿಯ ಹೊಳೆಯದು. ಆ ಹೊಳೆ ಬಂದು ಘಟ್ಟಕ್ಕೆ ಬಡಿದು ಮೇಲೇರುವವರೆಗೂ ಮಳೆ. ಘಟ್ಟ ಇಳಿದ ಅದೇ ಗಾಳಿ ಚಿತ್ರದುರ್ಗದ ಮೇಲೆ ಹಾಯುವಾಗ ಅದರಲ್ಲಿ ನೀರಾವಿ ಇದ್ದೇ ಇರುತ್ತದೆ, ಎತ್ತುವ ಆಸರೆ ಮಾತ್ರ ಇರುವುದಿಲ್ಲ.

2023ನ್ನು ನೆನಪಿಸಿಕೊಳ್ಳಿ. ಜಗತ್ತಿನ ಕಡಲುಗಳು ದಾಖಲೆಯ ಮಟ್ಟಕ್ಕೆ ಕಾದ ವರ್ಷ ಅದು. ಆ ವರ್ಷದ ಆಗಸ್ಟ್‌ನಲ್ಲಿ ದೇಶದ ಮಳೆ ವಾಡಿಕೆಗಿಂತ ಶೇ 36ರಷ್ಟು ಕಡಿಮೆಯಾಗಿ, 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ ಎನ್ನಿಸಿಕೊಂಡಿತು. ಎಲ್ ನಿನೊ ಗಾಳಿಯ ದಾರಿ ಕೆಡಿಸಿತ್ತು. ಕರ್ನಾಟಕದಲ್ಲಿ ಜೂನ್ ಒಣಗಿತು, ಜುಲೈನಲ್ಲಿ ವಾಡಿಕೆ ಮೀರಿ ಸುರಿಯಿತು, ಆಗಸ್ಟ್‌ನಲ್ಲಿ ಆಶ್ಲೇಷ, ಮಘೆ ಮಳೆಗಳೆರಡೂ ಕೈಕೊಟ್ಟವು. ಕೊನೆಗೆ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಜುಲೈನಲ್ಲಿ ಸುರಿದದ್ದು ಮತ್ತು ಆಗಸ್ಟ್‌ನಲ್ಲಿ ಸುರಿಯದ್ದು ಬೇರೆ ಬೇರೆ ಕಥೆಗಳಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲೇ ತೋರಿಸಿದಂತೆ, 1950–2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕ ಅತಿವೃಷ್ಟಿ ಮೂರು ಪಟ್ಟಾಗಿದೆ. ಒಟ್ಟು ಮಳೆ ಕುಗ್ಗುತ್ತಿದ್ದ ಅವಧಿಯಲ್ಲೇ ಹೀಗಾಯಿತು. ಅರಬ್ಬಿ ಸಮುದ್ರದ ಪಡುವಣ ಗಾಳಿಯ ಏರಿಳಿತ ಹೆಚ್ಚಿ, ತೇವಾಂಶ ಒಮ್ಮೆಲೇ ನುಗ್ಗಿ ಬರುವುದೇ ಇದಕ್ಕೆ ಕಾರಣ ಎಂಬುದು ಅವರ ವಿವರಣೆ.

ಸೊಲ್ಲಾಪುರದ ಪ್ರಯೋಗವನ್ನು ಮುಂದಿಟ್ಟು ಆಕ್ಷೇಪಿಸುವವರಿದ್ದಾರೆ. ಅದೇ ಪುಣೆಯ ಸಂಸ್ಥೆ ಅಲ್ಲಿ ನಡೆಸಿದ ಅಧ್ಯಯನದಲ್ಲಿ ಬಿತ್ತನೆಯಿಂದ ಸರಾಸರಿ ಶೇ 18ರಷ್ಟು ಹೆಚ್ಚು ಮಳೆ ಸಿಕ್ಕಿದೆ. ಅದು ಶ್ರದ್ಧೆಯಿಂದ ನಡೆದ ವಿಜ್ಞಾನ, ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಪೂರ್ತಿ ಓದಬೇಕು: ಆ ಶೇ 18 ಸಿಕ್ಕಿದ್ದು ಬಿತ್ತಿದ ಜಾಗದಿಂದ ಗಾಳಿ ಸಾಗುವ ದಿಕ್ಕಿನ 100 ಚದರ ಕಿ.ಮೀ.ನಲ್ಲಿ, ಆಗಲೇ ಬೆಳೆದು ನಿಂತ, ಆರಿಸಿಕೊಂಡ ಮೋಡಗಳಿಂದ. ಚಳ್ಳಕೆರೆಯಂಥ ಒಂದು ತಾಲ್ಲೂಕೇ ಅದರ ಎಷ್ಟೋ ಪಟ್ಟು ದೊಡ್ಡದು. ಮುಂಗಾರು ಬಿಡುವು ಕೊಟ್ಟಾಗ ಅಂಥ ಮೋಡಗಳೇ ಇರುವುದಿಲ್ಲ. ಬಿತ್ತನೆಯ ಬೇಡಿಕೆ ಏಳುವುದು ಸರಿಯಾಗಿ ಆಗಲೇ. ಮಳೆ ಬರುವ ದಿನ ಕೆಲಸ ಮಾಡುವ ಉಪಾಯವನ್ನು ಬರದ ಮದ್ದೆಂದು ಮಾರಬಾರದು.

ಇನ್ನೊಂದು ಆಕ್ಷೇಪ ತೂಕದ್ದು. ಗಾಳಿಯಲ್ಲಿನ ದೂಳು, ಹೊಗೆಯ ಕಣಗಳು ನೆಲಕ್ಕೆ ಬಿಸಿಲು ತಟ್ಟದಂತೆ ಮಾಡಿ ಮುಂಗಾರನ್ನು ಕುಗ್ಗಿಸಿದ್ದವು. ಅವು ಕಡಿಮೆಯಾದಂತೆ ಈ ಶತಮಾನದಲ್ಲಿ ಮುಂಗಾರು ಹೆಚ್ಚುತ್ತದೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯೇ ಹೇಳಿದೆಯಲ್ಲ ಎಂಬುದು. ಹೌದು, ಹೇಳಿದೆ. ಆದರೆ ಜಗತ್ತಿನ ಒಟ್ಟು ಮಳೆ ಡಿಗ್ರಿಗೆ ಏರುವುದು ಶೇ 2–3ರಷ್ಟು, ನೀರಾವಿ ಏರುವುದು ಶೇ 7ರಷ್ಟು. ಮಳೆಯಾದಾಗ ಹೊಮ್ಮುವ ಶಾಖವನ್ನು ವಾತಾವರಣ ಆಕಾಶಕ್ಕೆ ಬಿಟ್ಟುಕೊಡುವ ವೇಗಕ್ಕೆ ಮಿತಿಯಿದೆ, ಆ ಮಿತಿಯೇ ಒಟ್ಟು ಮಳೆಯ ಮಿತಿ. ಬಿದ್ದಾಗ ಶೇ 7ರ ಲೆಕ್ಕದಲ್ಲಿ ಬೀಳುವ, ಒಟ್ಟಾರೆ ಶೇ 2–3ರಷ್ಟೇ ಹೆಚ್ಚುವ ಮಳೆ ಉಳಿದ ದಿನಗಳನ್ನು ಒಣಗಿಸಲೇಬೇಕು. ಹಂಗಾಮಿನ ಸರಾಸರಿ ಸರಿಹೋದ ಮಾತ್ರಕ್ಕೆ ಮೂರು ವಾರ ನೀರು ಕಾಣದ ರಾಗಿಯ ಪೈರು ಚೇತರಿಸಿಕೊಳ್ಳುವುದಿಲ್ಲ.

ಸಾಗಾಟದ ಒಂದು ಕೊಂಡಿ ಮಾತ್ರ ನಮ್ಮ ಕೈಯಲ್ಲಿದೆ: ಕಾಡು. ಪಶ್ಚಿಮ ಘಟ್ಟದ ದಟ್ಟ ಕಾಡು ಬಿಡುವ ತೇವಾಂಶ ತಮಿಳುನಾಡಿನ ಮುಂಗಾರು ಮಳೆಯ ಶೇ 40ರವರೆಗೆ ಆಗಬಲ್ಲದು ಎಂದು ಐಐಟಿ ಬಾಂಬೆಯ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿದ್ದಾರೆ. ಶಿವಮೊಗ್ಗ, ಕೊಡಗಿನ ಮರಗಳ ಉಸಿರು ಮೂಡಣದ ಹೊಲದಲ್ಲಿ ಹನಿಯಾಗುತ್ತದೆ. ಘಟ್ಟದಲ್ಲಿ ರಸ್ತೆ, ವಿದ್ಯುತ್ ಲೈನುಗಳಿಗೆ ಕಾಡು ಕಡಿಯುವ ಕಡತಗಳಲ್ಲಿ ಈ ನಷ್ಟಕ್ಕೊಂದು ಕಾಲಂ ಕೂಡ ಇಲ್ಲ. ಉಳಿದ ಕೆಲಸ ನೆಲದ ಮೇಲಿದೆ. ಎರಡು ವಾರದ ಮಳೆ ನಾಲ್ಕು ದಿನಕ್ಕೆ ಬಂದರೆ ಹಳೆಯ ಲೆಕ್ಕದ ಕೋಡಿ, ತೂಬುಗಳು ತಾಳಬೇಕು. ಕೃಷಿಹೊಂಡಗಳು ಜುಲೈನ ನೀರನ್ನು ಆಗಸ್ಟ್‌ಗೆ ದಾಟಿಸಬೇಕು. ಮುಂಗಾರಿನ ಜೋರು ಮತ್ತು ಬಿಡುವನ್ನು ಎರಡು ಮೂರು ವಾರ ಮೊದಲೇ ಅಂದಾಜಿಸುವ ಮುನ್ಸೂಚನೆ ಪುಣೆಯಲ್ಲಿ ಸಿದ್ಧವಾಗುತ್ತಿದೆ. ಅದು ಜಲಾಶಯದ ಗೇಟು ಕಾಯುವ ಎಂಜಿನಿಯರ್‌ಗೂ ರೈತ ಸಂಪರ್ಕ ಕೇಂದ್ರದ ಬಿತ್ತನೆ ಬೀಜದ ಪಟ್ಟಿಗೂ ಹೊತ್ತಿಗೆ ಸರಿಯಾಗಿ ತಲುಪಬೇಕು. ವಿಮಾನದ ಬಾಡಿಗೆಗೆಂದು ಎತ್ತಿಡುವ ಹಣವನ್ನು ಬಜೆಟ್‌ನಲ್ಲಿ ಮೊದಲು ಕೊಡಬೇಕಾದದ್ದು ಇಲ್ಲಿಗೆ.